ಎದೆಹಾಲು ಕಟ್ಟಿದರೆ ಹಿಂಡುವುದು ಬೇಡ, ತಣಿಸುವುದು ಬೇಕು

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಚೊಚ್ಚಲ ಬಾಣಂತನವೆಂದರೆ ಇಂದಿಗೂ ಹೆಚ್ಚಾಗಿ ತಾಯಿಮನೆಯದೇ ಹೊಣೆ. ಕೆಲವರು ಏಳನೇ ತಿಂಗಳ ಸೀಮಂತ ಮುಗಿಸಿ ಊರಿಗೆ ಹೋಗುತ್ತಾರೆ. ಇನ್ನು ಕೆಲವರ ಮನೆಗೆ ಊರಿನಿಂದ ತಾಯಿಯೇ ಬಂದು ಎರಡು ಮೂರು ತಿಂಗಳು ನಿಂತು ಬಾಣಂತನ ಮಾಡಿ ಹೋಗುತ್ತಾರೆ. ಮಗುವಿನ ಎಣ್ಣೆ ನೀರು, ಬಾಣಂತಿಯ ಸ್ನಾನ, ಪಥ್ಯದ ಊಟ, ತೊಟ್ಟಿಲು ಹಾಕುವ ದಿನ, ಎಲ್ಲದರ ಬಗ್ಗೆಯೂ ಮನೆಯಲ್ಲಿ ಮುಕ್ತವಾಗಿ ಮಾತುಕತೆ ನಡೆಯುತ್ತದೆ. ಆದರೆ ಒಂದು ನೋವು ಮಾತ್ರ ಹೆಂಗಸರ ಪಿಸುಮಾತಿನಲ್ಲೇ ಉಳಿದುಬಿಡುತ್ತದೆ. ಅದು ಎದೆಹಾಲು ಕಟ್ಟಿಕೊಳ್ಳುವ ನೋವು.

ಹಾಲುಣಿಸುವ ತಾಯಿಯ ಎದೆಯ ಒಂದು ಭಾಗ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಕೈಗೆ ಗಡ್ಡೆಯಂತೆ ಸಿಗುತ್ತದೆ. ಮುಟ್ಟಿದರೆ ನೋವು, ಕೆಲವೊಮ್ಮೆ ಚರ್ಮ ಕೆಂಪಾಗುವುದೂ ಉಂಟು. ಮಗು ಆ ಕಡೆ ಬಾಯಿ ಇಟ್ಟಾಗ ಕಣ್ಣಲ್ಲಿ ನೀರು ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿ ಕರಗುವ ತೊಂದರೆ ಇದು. ಆದರೆ ಸರಿಯಾದ ಆರೈಕೆ ಸಿಗದಿದ್ದರೆ ಜ್ವರ, ಸೋಂಕು, ಕೀವು ತುಂಬಿದ ಬಾವಿನವರೆಗೂ ಹೋಗಬಲ್ಲದು. ನೋವು ತಾಳಲಾರದೆ ಹಾಲುಣಿಸುವುದನ್ನೇ ಬಿಟ್ಟು ಡಬ್ಬದ ಹಾಲಿಗೆ ಮೊರೆಹೋಗುವ ತಾಯಂದಿರೂ ಇದ್ದಾರೆ.

ಶಾಖ ಮತ್ತು ಮಾಲೀಶಿನ ಪದ್ಧತಿ

ಹಾಲು ಕಟ್ಟಿದಾಗ ಬಹುತೇಕ ಮನೆಗಳಲ್ಲಿ ಮೊದಲು ಒಲೆಯ ಮೇಲೇರುವುದು ಬಿಸಿನೀರು. ಬಿಸಿ ಬಟ್ಟೆಯ ಶಾಖ ಕೊಟ್ಟು, ಗಡ್ಡೆಯನ್ನು ಬೆರಳಿನಿಂದ ಒತ್ತಿ ತಿಕ್ಕಿ, ಹಾಲೆಲ್ಲ ಖಾಲಿಯಾಗುವವರೆಗೆ ಹಿಂಡುವುದು ರೂಢಿ. ಇಲ್ಲಿನ ಉಪನಗರಗಳಲ್ಲಿ ತಾಯಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುವ ಮಾಲೀಶಿನ ಬಾಯಿ ಕೂಡ ಇದನ್ನೇ ಮಾಡುತ್ತಾರೆ. ಈಗೀಗ ಹಾಲು ತೆಗೆಯುವ ಪಂಪು ಬಂದ ಮೇಲೆ, ಮಗು ಕುಡಿದ ನಂತರವೂ ಪಂಪು ಹಚ್ಚಿ ಉಳಿದದ್ದನ್ನು ತೆಗೆದು ಚೆಲ್ಲುವುದೂ ಸೇರಿಕೊಂಡಿದೆ.

ಇದಕ್ಕೆ ಹಿರಿಯರನ್ನು ದೂರಿ ಪ್ರಯೋಜನವಿಲ್ಲ. ವೈದ್ಯರ ಕೈಪಿಡಿಗಳೂ ಬಹುಕಾಲ ಶಾಖ, ಮಾಲೀಶು, ಎದೆ ಖಾಲಿ ಮಾಡುವುದು ಎಂಬ ಈ ಮೂರನ್ನೇ ಹೇಳುತ್ತಿದ್ದವು. ಹಾಲುಣಿಸುವ ತಾಯಂದಿರ ಆರೋಗ್ಯದ ಬಗ್ಗೆ ಮಾರ್ಗದರ್ಶಿ ರೂಪಿಸುವ ವೈದ್ಯರ ಅಂತಾರಾಷ್ಟ್ರೀಯ ಸಂಸ್ಥೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊಸ ಮಾರ್ಗದರ್ಶಿಯನ್ನು ಪ್ರಕಟಿಸಿ ಈ ಸಲಹೆಯನ್ನು ಬದಲಿಸಿತು. ಬದಲಾವಣೆಯ ಸಾರಾಂಶ ಇಷ್ಟೇ: ಗಟ್ಟಿಯಾದ ಎದೆಯನ್ನು ಹಿಂಡಬಾರದು, ಬಾವನ್ನು ಇಳಿಸಬೇಕು.

ಗಡ್ಡೆ ಎಂದರೆ ಏನು?

ಹಾಲಿನ ನಾಳದಲ್ಲಿ ಹಾಲು ಹೆಪ್ಪುಗಟ್ಟಿ ಬಿರಡೆಯಂತೆ ಕೂತಿದೆ, ಅದನ್ನು ತಳ್ಳಿ ಹೊರಹಾಕಬೇಕು ಎಂಬುದು ನಮ್ಮೆಲ್ಲರ ಕಲ್ಪನೆ. ನಿಜಸ್ಥಿತಿ ಬೇರೆ. ಎದೆಯೊಳಗಿನ ನಾಳಗಳು ಅತಿ ಸಣ್ಣವು, ಒಂದಕ್ಕೊಂದು ಬಲೆಯಂತೆ ಹೆಣೆದುಕೊಂಡವು. ಹಾಲು ಹೆಚ್ಚಾಗಿ ಸುತ್ತಲಿನ ಭಾಗ ಊದಿಕೊಂಡಾಗ ಈ ನಾಳಗಳು ಹೊರಗಿನಿಂದ ಒತ್ತಲ್ಪಟ್ಟು ಕಿರಿದಾಗುತ್ತವೆ. ಜನಜಂಗುಳಿಯ ಒತ್ತಡದಲ್ಲಿ ಸ್ಟೇಶನ್ನಿನ ಸೇತುವೆಯ ದಾರಿ ಕಿರಿದಾದಂತೆ ಎನ್ನಬಹುದು. ಅಲ್ಲಿ ಇನ್ನೂ ಜೋರಾಗಿ ತಳ್ಳಿದರೆ ದಾರಿ ತೆರೆಯುವುದಿಲ್ಲ, ಅನಾಹುತವಾಗುತ್ತದೆ. ಎದೆಯನ್ನು ಬಲವಾಗಿ ತಿಕ್ಕಿದರೂ ಹಾಗೆಯೇ. ಒಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಹೆಚ್ಚುತ್ತದೆ.

ಎದೆಹಾಲಿಗೆ ಇನ್ನೊಂದು ಲೆಕ್ಕವೂ ಇದೆ. ಎಷ್ಟು ಹಾಲು ಹೊರಹೋಗುತ್ತದೋ ಅದಕ್ಕೆ ತಕ್ಕಂತೆ ದೇಹ ಹೊಸ ಹಾಲು ತಯಾರಿಸುತ್ತದೆ. ಮಗುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಿಂಡಿ ತೆಗೆದರೆ ಮಗು ಇನ್ನೂ ಕೇಳುತ್ತಿದೆ ಎಂದೇ ದೇಹ ತಿಳಿಯುತ್ತದೆ. ಮರುದಿನ ಹಾಲು ಇನ್ನಷ್ಟು ತುಂಬುತ್ತದೆ, ಎದೆ ಇನ್ನಷ್ಟು ಬಿಗಿಯುತ್ತದೆ. ಪಂಪು ಹಚ್ಚಿದಷ್ಟೂ ಗಡ್ಡೆ ಮರಳಿ ಬರುವುದಕ್ಕೆ ಇದೇ ಕಾರಣ.

ಮನೆಯಲ್ಲಿ ಮಾಡಬೇಕಾದದ್ದು

ಹಾಲುಣಿಸುವುದನ್ನು ನಿಲ್ಲಿಸಬಾರದು. ಮಗು ಕೇಳಿದಾಗ ಎಂದಿನಂತೆ ಎರಡೂ ಕಡೆ ಕುಡಿಸಬೇಕು. ನೋವಿರುವ ಕಡೆ ಖಾಲಿಯಾಗಲೆಂದು ಹೆಚ್ಚು ಹೊತ್ತು ಕುಡಿಸುವುದಾಗಲಿ, ಕುಡಿಸಿದ ಮೇಲೆ ಮತ್ತೆ ಹಿಂಡುವುದಾಗಲಿ ಬೇಡ.

ಐಸ್ ಅಥವಾ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಒದ್ದೆ ಬಟ್ಟೆಯನ್ನು ನೋವಿರುವ ಜಾಗಕ್ಕೆ ಹತ್ತಿಪ್ಪತ್ತು ನಿಮಿಷ ಇಡಬೇಕು. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸದೆ ಬಟ್ಟೆಯಲ್ಲಿ ಸುತ್ತಬೇಕು. ದಿನದಲ್ಲಿ ಹಲವು ಬಾರಿ ಹೀಗೆ ಮಾಡಬಹುದು. ಬಾಣಂತಿಗೆ ತಣ್ಣೀರೇ ತಾಗಬಾರದು ಎಂದು ನಂಬಿದ ಮನೆಗಳಲ್ಲಿ ಈ ಮಾತು ಕಷ್ಟವೆನಿಸಬಹುದು. ಸ್ನಾನ ಬಿಸಿನೀರಿನದೇ ಇರಲಿ. ಬಾತ ಜಾಗಕ್ಕಷ್ಟೇ ತಂಪು ಸಾಕು. ಬಿಸಿ ಶಾಖದಿಂದ ಕೆಲವರಿಗೆ ಆ ಹೊತ್ತಿಗೆ ಹಿತವೆನಿಸಿದರೂ, ಅದು ರಕ್ತಸಂಚಾರ ಹೆಚ್ಚಿಸಿ ಊತವನ್ನು ಏರಿಸಬಲ್ಲದು.

ಕೈ ಆಡಿಸಲೇಬೇಕೆಂದಿದ್ದರೆ ಹಸುಗೂಸಿನ ತಲೆ ನೇವರಿಸುವಷ್ಟು ಹಗುರವಾಗಿ, ಎದೆಯಿಂದ ಕಂಕುಳಿನ ಕಡೆಗೂ ಕತ್ತಿನ ಬುಡದ ಕಡೆಗೂ ಸವರಬೇಕು. ಇದರಿಂದ ಊತದ ನೀರು ಹರಿದುಹೋಗಲು ಸಹಾಯವಾಗುತ್ತದೆ. ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಸೂಜಿಯಿಂದ ಚುಚ್ಚುವ ಸಾಹಸ ಮಾಡಲೇಬಾರದು. ಬಿಗಿ ರವಿಕೆಯಿಂದ, ಹೆಗಲಿಗೆ ಹಾಕಿದ ಚೀಲದ ಪಟ್ಟಿಯಿಂದ ಎದೆಗೆ ಒತ್ತಡ ಬೀಳದಂತೆ ನೋಡಿಕೊಳ್ಳಬೇಕು. ಆದರೆ ಜೋತುಬೀಳದಂತೆ ಆಧಾರ ಕೊಡುವ ಒಳಉಡುಪು ಅವಶ್ಯ. ನೋವು ಮತ್ತು ಊತ ಕಡಿಮೆಯಾಗಲು ಹಾಲುಣಿಸುವ ತಾಯಿ ತೆಗೆದುಕೊಳ್ಳಬಹುದಾದ ಐಬುಪ್ರೊಫೆನ್, ಪ್ಯಾರಸಿಟಮಾಲ್‌ನಂತಹ ಮಾತ್ರೆಗಳಿವೆ. ಪ್ರಮಾಣವನ್ನು ವೈದ್ಯರಲ್ಲೇ ಕೇಳಬೇಕು.

ಮಲ್ಲಿಗೆಯ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಎದೆಗೆ ಮಲ್ಲಿಗೆ ಹೂವು ಕಟ್ಟುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಆದರೆ ಅದು ಹಾಲು ಬತ್ತಿಸುವ ಉಪಾಯ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಹಾಲು ಬತ್ತಿಸುವ ಮಾತ್ರೆಯೊಂದಿಗೆ ಹೋಲಿಸಿ 1988ರಲ್ಲಿ ಅಧ್ಯಯನ ಪ್ರಕಟಿಸಿದ್ದರು. ಹೂವಿಗೂ ಹಾಲು ಕಡಿಮೆ ಮಾಡುವ ಗುಣವಿದೆ ಎಂದೇ ಅದರಲ್ಲಿ ಕಂಡುಬಂತು. ಹಾಲುಣಿಸುವುದನ್ನು ಮುಂದುವರಿಸಬೇಕೆಂದಿರುವ ತಾಯಿ ಗಡ್ಡೆ ಕರಗಲೆಂದು ಮಲ್ಲಿಗೆ ಕಟ್ಟಿಕೊಳ್ಳುವುದು ಸರಿಯಲ್ಲ.

ಯಾವಾಗ ಆಸ್ಪತ್ರೆಗೆ?

ಜ್ವರ, ಚಳಿ, ಮೈಕೈ ನೋವು, ಹರಡುತ್ತಿರುವ ಕೆಂಪು ಕಾಣಿಸಿಕೊಂಡು 24 ಗಂಟೆಯೊಳಗೆ ಇಳಿಮುಖವಾಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಪರಿಸ್ಥಿತಿ ವೇಗವಾಗಿ ಬಿಗಡಾಯಿಸುತ್ತಿದ್ದರೆ ಅಷ್ಟೂ ಕಾಯಬಾರದು. ಸೋಂಕು ತಗುಲಿದ್ದರೆ ಆಂಟಿಬಯೋಟಿಕ್ ಬೇಕಾಗುತ್ತದೆ. ಆ ಸಮಯದಲ್ಲೂ ತಾಯಿಯ ಹಾಲಿನಿಂದ ಮಗುವಿಗೆ ಅಪಾಯವಿಲ್ಲ. ಕೆಟ್ಟ ಹಾಲು ಎಂದು ಚೆಲ್ಲುವ ಅಗತ್ಯವಿಲ್ಲ. ಒಳಗೆ ಕೀವು ತುಂಬಿದ್ದರೆ ಸೊನೋಗ್ರಫಿ ಮಾಡಿ ತಿಳಿದುಕೊಂಡು ಸೂಜಿಯ ಮೂಲಕ ಅಥವಾ ಸಣ್ಣ ಗಾಯ ಮಾಡಿ ಹೊರತೆಗೆಯುತ್ತಾರೆ. ಕೆಲವು ವಾರ ಕಳೆದರೂ ಕರಗದ, ಅಥವಾ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಗಡ್ಡೆಯನ್ನು ಹಾಲಿನದೇ ಎಂದು ನಿರ್ಲಕ್ಷಿಸದೆ ತಪಾಸಣೆ ಮಾಡಿಸಿಕೊಳ್ಳಬೇಕು.

ಖಾಸಗಿ ಆಸ್ಪತ್ರೆಯ ಖರ್ಚಿಗೆ ಹೆದರಿ ದಿನ ದೂಡುವವರು ಹತ್ತಿರದ ಪಾಲಿಕೆ ಆಸ್ಪತ್ರೆಗಳನ್ನು ನೆನಪಿಡಬೇಕು. ಥಾಣೆ ಪಾಲಿಕೆಯ ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಕಲ್ಯಾಣ್‌ನ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿ ಪಶ್ಚಿಮದ ಶಾಸ್ತ್ರಿನಗರ ಆಸ್ಪತ್ರೆ, ನವಿಮುಂಬಯಿ ಪಾಲಿಕೆಯ ವಾಶಿ ಆಸ್ಪತ್ರೆ ಈ ಪರಿಸರದವರಿಗೆ ಕೈಗೆಟಕುವ ದೂರದಲ್ಲಿವೆ.

ಪ್ರಯಾಣ ಮತ್ತು ನೌಕರಿ

ಹಾಲು ಕಟ್ಟುವ ತೊಂದರೆ ಬಾಣಂತನದ ಮೊದಲ ವಾರಗಳಿಗೇ ಸೀಮಿತವಲ್ಲ. ಹಾಲುಣಿಸುವ ಹೊತ್ತು ಇದ್ದಕ್ಕಿದ್ದಂತೆ ತಪ್ಪಿದಾಗಲೆಲ್ಲ ಅದು ಬರಬಹುದು. ಕರಾವಳಿಯ ತವರಿನಿಂದ ಮಗುವಿನೊಂದಿಗೆ ಮತ್ಸ್ಯಗಂಧ ರೈಲು ಹತ್ತಿ ಪನ್ವೇಲ್‌ನಲ್ಲೋ ಥಾಣೆಯಲ್ಲೋ ಇಳಿಯುವ ತಾಯಿ, ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲ್ಯಾಣ್‌ಗೆ ಬರುವ ತಾಯಿ, ಎದುರು ಸೀಟಿನವರ ಸಂಕೋಚದಿಂದ ಗಂಟೆಗಟ್ಟಲೆ ಹಾಲುಣಿಸದೆ ಕೂತುಬಿಡುವುದುಂಟು. ದೊಡ್ಡ ದುಪ್ಪಟ್ಟಾ ಅಥವಾ ಸೀರೆಯ ಸೆರಗು, ಜೊತೆಗೆ ಅಡ್ಡ ಕೂರುವ ಗಂಡ ಅಥವಾ ಅತ್ತೆ ಇದ್ದರೆ ಈ ತೊಂದರೆ ತಪ್ಪುತ್ತದೆ.

ಎರಡನೆಯ ಪರೀಕ್ಷೆ ರಜೆ ಮುಗಿದು ನೌಕರಿಗೆ ಮರಳುವ ದಿನದ್ದು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಒಂದು ಗಂಟೆಗೂ ಮೇಲೆ ಬೇಕು. ಕಚೇರಿಯ ಹೊತ್ತನ್ನೂ ಸೇರಿಸಿದರೆ ತಾಯಿ ಹತ್ತು ಹನ್ನೊಂದು ಗಂಟೆ ಮಗುವಿನಿಂದ ದೂರ. ಮಗು ಮನೆಯಲ್ಲಿ ಕುಡಿಯುತ್ತಿದ್ದ ಹೊತ್ತಿಗೆ, ಕುಡಿಯುತ್ತಿದ್ದಷ್ಟೇ ಹಾಲನ್ನು ಕಚೇರಿಯಲ್ಲಿ ತೆಗೆದಿಡುವುದು ಇದಕ್ಕೆ ಪರಿಹಾರ. ಹೊರಗಿನ ಉಷ್ಣತೆ 25 ಡಿಗ್ರಿಯೊಳಗಿದ್ದರೆ ತೆಗೆದ ಹಾಲು 4 ಗಂಟೆ ಇರುತ್ತದೆ. ಇಲ್ಲಿನ ಸೆಕೆಗೆ ಕೂಡಲೇ ಫ್ರಿಜ್ಜಿಗೆ ಸೇರಿಸುವುದೇ ಕ್ಷೇಮ. ಅಲ್ಲಿ 4 ದಿನ ಕೆಡುವುದಿಲ್ಲ. ಮನೆಗೆ ತರಲು ಐಸ್ ಪ್ಯಾಕ್ ಇಟ್ಟ ಚೀಲ ಬೇಕು.

ಇದು ಯಜಮಾನರ ದಯೆಯ ವಿಷಯವಲ್ಲ, ಕಾನೂನಿನ ಹಕ್ಕು. 2017ರ ತಿದ್ದುಪಡಿಯ ಮೂಲಕ ಮೊದಲ ಎರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು.

ಹಾಲು ಹೆಚ್ಚಾಗಿದ್ದರೆ

ಸಹಜವಾಗಿಯೇ ಹಾಲು ಹೆಚ್ಚಿರುವ ಆರೋಗ್ಯವಂತ ತಾಯಂದಿರಿಗೆ ಒಂದು ಪುಣ್ಯಕಾರ್ಯದ ದಾರಿಯೂ ಇದೆ. 1989ರಲ್ಲಿ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್ ಆರಂಭವಾಯಿತು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಎಷ್ಟೋ ಕೂಸುಗಳು ಅಲ್ಲಿ ಬೇರೆ ತಾಯಿಯ ಹಾಲಿನಿಂದ ಬದುಕಿಕೊಂಡಿವೆ. ಆದರೆ ಎದೆಯಲ್ಲಿ ಸೋಂಕು ಇರುವಾಗ ದಾನ ಸಲ್ಲದು. ದಾನಕ್ಕೆಂದೇ ಹೆಚ್ಚು ಹಿಂಡುವುದೂ ಬೇಡ.

ಸಂಘಗಳು ಮಾಡಬಹುದಾದದ್ದು

ನಮ್ಮ ಬಾಣಂತನದ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ತಾಯಿಗೆ ವಿಶ್ರಾಂತಿ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ, ಇವುಗಳಿಗಿಂತ ದೊಡ್ಡ ಔಷಧವಿಲ್ಲ. ಗಡ್ಡೆ ಹಿಂಡುವ ಕೈ ಮಾತ್ರ ಈಗ ತಂಪು ಬಟ್ಟೆ ಹಿಡಿಯಬೇಕಾಗಿದೆ. ಈ ಮಾತನ್ನು ಮಗಳು ಹೇಳಿದರೆ ಅಮ್ಮ ಒಪ್ಪದಿರಬಹುದು. ಸಂಘದ ವೇದಿಕೆಯಲ್ಲಿ ಡಾಕ್ಟರಮ್ಮ ಕನ್ನಡದಲ್ಲೇ ಹೇಳಿದರೆ ಇಬ್ಬರೂ ಕೇಳುತ್ತಾರೆ.

ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಅದು ಬರುವುದು ನಮ್ಮ ಸಂಘಗಳ ಮಹಿಳಾ ವಿಭಾಗಗಳು ಆಟಿಡೊಂಜಿ ದಿನವನ್ನು ಆಚರಿಸುವ ತಿಂಗಳಲ್ಲೇ. ಪತ್ರೊಡೆ, ಆಟಿಯ ಪಾಯಸದ ಜೊತೆಗೆ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, ಪರಿಸರದ ಕನ್ನಡ ಬಲ್ಲ ಪ್ರಸೂತಿ ತಜ್ಞೆಯೊಬ್ಬರನ್ನು ಆಹ್ವಾನಿಸಿದರೆ ಎಷ್ಟೋ ಬಾಣಂತಿಯರ ಕಣ್ಣೀರು ತಪ್ಪೀತು. ಅರಿಶಿನ ಕುಂಕುಮದ ಕಾರ್ಯಕ್ರಮವೂ ಇದಕ್ಕೆ ತಕ್ಕ ಸಂದರ್ಭ. ಸೊಸೆಯಂದಿರೊಂದಿಗೆ ಅತ್ತೆಯಂದಿರೂ, ಸಾಧ್ಯವಾದರೆ ಗಂಡಂದಿರೂ ಆ ಅರ್ಧ ಗಂಟೆ ಕೂತು ಕೇಳುವಂತಾಗಲಿ.