ಖೀಮಾ ಲುಕ್ಮಿ ಮಾಡುವ ಬಗೆ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಥೆ, ಕವನ, ವಿಮರ್ಶೆಗಳಿಗೆ ಸ್ಥಾನವಿರುವಂತೆ ಅಡುಗೆಗೂ ಒಂದೆರಡು ಪುಟ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ನಾವು ಉಣ್ಣುವ ಪದಾರ್ಥ ಎಲ್ಲಿಂದ ಬಂತು, ಅದನ್ನು ಹೀಗೆಯೇ ಏಕೆ ಮಾಡುತ್ತಾರೆ ಎಂದು ಕೇಳುವುದೂ ವಿದ್ಯೆಯ ಒಂದು ಭಾಗವೇ ಆಗಿದೆ. ಆದುದರಿಂದ ಚಂದಾಪುರದ ನಮ್ಮ ಮನೆಯಲ್ಲಿ ಮಾಡುವ ಖೀಮಾ ಲುಕ್ಮಿಯನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ಸಣ್ಣಗೆ ಕೊಚ್ಚಿದ ಮಾಂಸಕ್ಕೆ ಖೀಮಾ ಎನ್ನುತ್ತಾರೆ. ಅದಕ್ಕೆ ಮಸಾಲೆ ಬೆರೆಸಿ ಬೇಯಿಸಿ, ಮೈದಾಹಿಟ್ಟಿನ ಕಣಕದೊಳಗೆ ತುಂಬಿ ಎಣ್ಣೆಯಲ್ಲಿ ಕರಿದರೆ ಲುಕ್ಮಿಯಾಗುತ್ತದೆ. ಇದು ಸಮೋಸದ ದಾಯಾದಿ. ಸಮೋಸಕ್ಕೆ ಮೂರು ಮೂಲೆ. ಲುಕ್ಮಿಗೆ ನಾಲ್ಕು ಮೂಲೆ, ಮೈ ಚಪ್ಪಟೆ. ಅರಬ್ಬಿಯಲ್ಲಿ ‘ಲುಕ್ಮಾ’ ಎಂದರೆ ತುತ್ತು. ಹೆಸರು ಅದರಿಂದ ಬಂದುದು. ಹೈದರಾಬಾದಿನ ಮದುವೆಯೂಟಗಳಲ್ಲಿ ಬಿರಿಯಾನಿಗೆ ಮೊದಲು ಕಬಾಬಿನೊಡನೆ ಇದನ್ನು ಬಡಿಸುವ ವಾಡಿಕೆಯುಂಟು. ನಮ್ಮ ಸೀಮೆಯಲ್ಲಿ ನಿಜಾಮರ ಆಳ್ವಿಕೆ 1948ರಲ್ಲಿ ಕೊನೆಗೊಂಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯ ಬದಲಾದರೂ ಅಡುಗೆಮನೆಯ ರೂಢಿ ಹಾಗೆಯೇ ಉಳಿಯಿತು.

ಈ ಜಾತಿಯ ತಿಂಡಿಯ ಚರಿತ್ರೆ ಬಲು ಹಳೆಯದು. 14ನೆಯ ಶತಮಾನದಲ್ಲಿ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು, ಕೊಚ್ಚಿದ ಮಾಂಸಕ್ಕೆ ಬಾದಾಮಿ, ಪಿಸ್ತಾ, ಉಳ್ಳಾಗಡ್ಡಿ, ಮಸಾಲೆ ಬೆರೆಸಿ ತೆಳುವಾದ ರೊಟ್ಟಿಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದು ಬಡಿಸುತ್ತಿದ್ದರೆಂದು ಬರೆದಿದ್ದಾನೆ. ಅಕ್ಬರನ ಕಾಲದ ಅಬುಲ್ ಫಜಲನ ಐನ್-ಎ-ಅಕ್ಬರಿಯಲ್ಲಿಯೂ ‘ಸಂಬೂಸಾ’ ಎಂಬ ಹೆಸರು ಬರುತ್ತದೆ. ಇಂದು ಸಮೋಸವೆಂದರೆ ಆಲೂಗಡ್ಡೆಯದೇ ಎಂದು ನಾವು ತಿಳಿದಿದ್ದೇವೆ. ಆದರೆ ಆಲೂಗಡ್ಡೆ ಅಮೆರಿಕ ಖಂಡದ ಗಡ್ಡೆ. ಇಬ್ನ್ ಬತೂತನ ಕಾಲದಲ್ಲಿ ಅದು ಭಾರತಕ್ಕೆ ಬಂದೇ ಇರಲಿಲ್ಲ. ಮಾಂಸದ ಸಮೋಸವೇ ಹಿರಿಯದು.

ಅರಮನೆಯ ಈ ತಿಂಡಿ ನಮ್ಮಂಥವರ ಮನೆಯಲ್ಲಿ ಉಳಿದುದಕ್ಕೆ ಕಾರಣ ಬೇರೆ. ನಮ್ಮ ಮನೆಯಲ್ಲಿ ಎಂಟು ಜನ. ಕೈಯಲ್ಲಿ ಹಣ ಕಡಿಮೆಯಿದ್ದ ವಾರ ಕಾಲು ಕಿಲೋಕ್ಕಿಂತ ಹೆಚ್ಚು ಮಾಂಸ ತರುವುದಾಗುವುದಿಲ್ಲ. ಅದನ್ನು ಸಾರು ಮಾಡಿದರೆ ತುಂಡುಗಳು ಮೊದಲು ಉಂಡವರ ಪಾಲಾಗುತ್ತವೆ. ಕೊನೆಗೆ ಉಣ್ಣುವವರಿಗೆ ಬರೀ ತಿಳಿಸಾರು. ಕೊನೆಗೆ ಉಣ್ಣುವವರು ಯಾರೆಂಬುದನ್ನು ಓದುಗರಿಗೆ ಹೇಳಬೇಕಾದುದಿಲ್ಲ. ಅದೇ ಕಾಲು ಕಿಲೋ ಖೀಮಾದಿಂದ ಹದಿನಾರು ಲುಕ್ಮಿಗಳಾಗುತ್ತವೆ, ತಲೆಗೆ ಎರಡರಂತೆ.

ಇನ್ನು ಮಾಡುವ ಬಗೆ. ಲುಕ್ಮಿ ಚೆನ್ನಾಗಿ ಬಂದರೆ ‘ಕೈಗುಣ’ ಎಂದು ಹೊಗಳುವುದು ರೂಢಿ. ಕೈಗುಣ ಇರಲಿ, ಆದರೆ ಪ್ರತಿಯೊಂದು ಹಂತಕ್ಕೂ ಒಂದು ಕಾರಣವಿದೆ, ಕಾರಣ ತಿಳಿದವನ ಕೈಗೂ ಗುಣ ಬರುತ್ತದೆ. ಎಲ್ಲ ಕಾರಣಗಳ ತಿರುಳು ಒಂದೇ: ಹೂರಣದಲ್ಲಿ ನೀರು ಉಳಿಯಬಾರದು.

ಮೊದಲು ಹೂರಣ. ಮಾಂಸವನ್ನು ಕೊಚ್ಚಿಸುವ ಮೊದಲೇ ತೊಳೆಯಬೇಕು. ಕೊಚ್ಚಿದ ಮೇಲೆ ತೊಳೆದರೆ ನೀರು ಹಿಡಿಯುತ್ತದೆ. ಖೀಮಾ ತಂದ ಕೂಡಲೇ ಒಲೆಗೇರಿಸಬೇಕು. ಅದೇಕೆಂದರೆ ಮಾಂಸದ ಹೊರಮೈಯಲ್ಲಿರುವ ಸೂಕ್ಷ್ಮಜೀವಿಗಳು ಕೊಚ್ಚುವಾಗ ಒಳಗೆಲ್ಲ ಹರಡಿ, ಇಡೀ ತುಂಡಿಗಿಂತ ಖೀಮಾ ಬೇಗನೆ ಕೆಡುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಎರಡು ಉಳ್ಳಾಗಡ್ಡಿಗಳನ್ನು ಸಣ್ಣಗೆ ಹೆಚ್ಚಿ ಹುರಿದು, ಅರೆದ ಹಸಿಶುಂಠಿ ಬೆಳ್ಳುಳ್ಳಿ ಒಂದು ಚಮಚ, ಅರಿಸಿನ, ಖಾರದ ಪುಡಿ, ಉಪ್ಪು, ಅನಂತರ 250 ಗ್ರಾಂ ಖೀಮಾ ಹಾಕಬೇಕು. ಬೇರೆ ನೀರು ಬೇಡ. ಹಸಿಮಾಂಸದ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದು ತನ್ನ ನೀರಿನಲ್ಲಿಯೇ ಬೇಯುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ, ಮುಚ್ಚಳ ತೆಗೆದು ನೀರು ಇಂಗುವತನಕ ಹುರಿಯಬೇಕು. ಸೌಟಿನಿಂದ ಖೀಮಾವನ್ನು ಬದಿಗೆ ಸರಿಸಿದಾಗ ಪಾತ್ರೆಯ ತಳದಲ್ಲಿ ನೀರು ಒಸರದಿದ್ದರೆ ಹದ ಬಂತೆಂದು ತಿಳಿಯಬೇಕು. ಒಲೆ ಆರಿಸಿ ಗರಂ ಮಸಾಲೆ, ತೊಳೆದು ಆರಿಸಿದ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಸೇರಿಸಿ ಅರ್ಧ ನಿಂಬೆಹಣ್ಣು ಹಿಂಡಿ, ಪೂರ್ತಿ ತಣಿಯಲು ಬಿಡಬೇಕು. ಬಿಸಿ ಹೂರಣ ತುಂಬಿದರೆ ಅದರ ಹಬೆಗೆ ಕಣಕ ಮೆತ್ತಗಾಗುತ್ತದೆ.

ಎರಡನೆಯದು ಕಣಕ. 250 ಗ್ರಾಂ ಮೈದಾ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿತುಪ್ಪ. ಇವನ್ನು ಬೆರಳುಗಳಿಂದ ತಿಕ್ಕಬೇಕು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು. ಜಿಡ್ಡು ಹಿಟ್ಟಿನ ಕಣಗಳನ್ನು ಆವರಿಸಿ ಅದರ ಜಿಗುಟನ್ನು ತಡೆಯುವುದರಿಂದ ಲುಕ್ಮಿ ಗರಿಗರಿಯಾಗುತ್ತದೆ. ಬಳಿಕ ಎರಡು ಚಮಚ ಮೊಸರು, ಸ್ವಲ್ಪಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ನಾದಿ, ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಬೇಕು. ನೆನೆಯದ ಕಣಕ ಲಟ್ಟಿಸಿದಂತೆಲ್ಲ ಹಿಂದಕ್ಕೆ ಕುಗ್ಗುತ್ತದೆ.

ಕಣಕವನ್ನು ಹದಿನಾರು ಉಂಡೆ ಮಾಡಿ, ಒಂದೊಂದನ್ನೂ ಉದ್ದಕ್ಕೆ ಲಟ್ಟಿಸಿ, ಅಂಚುಗಳನ್ನು ನೇರವಾಗಿ ಕೊಯ್ಯಬೇಕು. ಒಂದು ಅರ್ಧದ ಮೇಲೆ ದೊಡ್ಡ ಚಮಚದಷ್ಟು ಖೀಮಾ ಹರಡಿ, ಅಂಚಿಗೆ ನೀರು ಸವರಿ, ಇನ್ನರ್ಧವನ್ನು ಮಡಿಸಿದರೆ ಚೌಕವಾಗುತ್ತದೆ. ಒಳಗಿನ ಗಾಳಿ ಹೊರಗೆ ಹೋಗುವಂತೆ ಒತ್ತಿ ಅಂಚು ಮುಚ್ಚಬೇಕು. ಕರಿಗಡಬು ಮಾಡಬಲ್ಲವರಿಗೆ ಈ ಕೆಲಸ ಹೊಸದಲ್ಲ.

ಕರಿಯುವಾಗ ಅವಸರ ಕೂಡದು. ಕಣಕದ ಚೂರೊಂದನ್ನು ಎಣ್ಣೆಗೆ ಹಾಕಿದರೆ ಅದು ತಳಕ್ಕಿಳಿದು ನಿಧಾನವಾಗಿ ಮೇಲೆ ಬರಬೇಕು. ಕೂಡಲೇ ಚಿಮ್ಮಿ ಬಂದರೆ ಎಣ್ಣೆ ಹೆಚ್ಚು ಕಾದಿದೆ. ಲುಕ್ಮಿಯ ಮೈ ಕೆಂಪಾದರೂ ಮಡಿಕೆಯೊಳಗೆ ಹಸಿ ಉಳಿಯುತ್ತದೆ. ಹೂರಣದಲ್ಲಿ ನೀರಿದ್ದರೆ ಅದು ಹಬೆಯಾಗಿ ಉಬ್ಬಿ ಅಂಚನ್ನು ಬಿಡಿಸುತ್ತದೆ. ಎಣ್ಣೆ ಸಿಡಿಯುವುದು ಆಗಲೇ. ಮೊದಲೇ ನೀರು ಇಂಗಿಸಿದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ, ಹೊರಳಿಸುತ್ತ ಹೊಂಬಣ್ಣಕ್ಕೆ ಕರಿದು, ಝಾರಿಯಿಂದ ಎತ್ತಿ ಜರಡಿಯಲ್ಲಿಡಬೇಕು. ತಟ್ಟೆಯಲ್ಲಿಟ್ಟು ಮುಚ್ಚಿದರೆ ಗರಿ ಹೋಗುತ್ತದೆ.

ಮಾಂಸ ತಿನ್ನದ ಮಿತ್ರರೂ ಅಧ್ಯಾಪಕರೂ ಬೇಸರಿಸಬಾರದು. ನಮ್ಮದು ತೊಗರಿಯ ಸೀಮೆ. ಬೇಳೆಯನ್ನು ಕಾಳು ಒಡೆಯದಂತೆ ಬೇಯಿಸಿ, ನೀರು ಬಸಿದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯೊಡನೆ ಒಣಗುವಂತೆ ಹುರಿದರೆ ಈ ಕಣಕಕ್ಕೆ ಅದೂ ಒಪ್ಪುತ್ತದೆ.

ಕೊನೆಗೆ ಒಂದು ಮಾತು. ಲುಕ್ಮಿಗಳನ್ನು ಎಣಿಸಿ ಮಾಡುವುದರಿಂದ ಎಣಿಸಿಯೇ ಬಡಿಸಬೇಕಾಗುತ್ತದೆ. ಅಬ್ಬಾನಿಗೆ ಎರಡು, ತಮ್ಮನಿಗೆ ಎರಡು, ಅಮ್ಮಿಗೂ ಎರಡು. ಎಲ್ಲರಿಗಿಂತ ಕೊನೆಗೆ ಕೂತರೂ ಅಮ್ಮಿಯ ಪಾಲು ಜರಡಿಯಲ್ಲಿ ಹಾಗೆಯೇ ಇರುತ್ತದೆ. ಅತಿಥಿಗಳು ಬಂದ ದಿನ ಮಾತ್ರ ತನ್ನೆರಡನ್ನು ಅವರ ತಟ್ಟೆಗೆ ಹಾಕಿ, ‘ನನಗೆ ಹಸಿವಿಲ್ಲ’ ಎನ್ನುತ್ತಾಳೆ. ಆದುದರಿಂದ ಲಟ್ಟಣಿಗೆ ಹಿಡಿಯುವ ಕೆಲಸವನ್ನು ಈಗ ನಾನೇ ವಹಿಸಿಕೊಂಡಿದ್ದೇನೆ. ಅತಿಥಿಗಳು ಬರುವರೆಂದು ತಿಳಿದ ದಿನ ಕಣಕವನ್ನು ಇನ್ನಷ್ಟು ತೆಳ್ಳಗೆ ಲಟ್ಟಿಸಿ, ಖೀಮಾ ತುಸು ಕಡಿಮೆ ಹರಡಿ, ಹದಿನಾರರ ಬದಲು ಇಪ್ಪತ್ತು ಮಾಡುತ್ತೇನೆ. ವಸತಿನಿಲಯಗಳಲ್ಲಿಯೂ ಬಾಡಿಗೆ ಕೋಣೆಗಳಲ್ಲಿಯೂ ಇರುವ ಸಹಪಾಠಿಗಳು ರಜೆಗೆ ಊರಿಗೆ ಹೋದಾಗ ಒಮ್ಮೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಗಂಡುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.