ಪದ ತಿಳಿಯದಿದ್ದರೆ ನಷ್ಟ ಯಾರದು?

ಜಯನಗರದ ನಾಲ್ಕನೇ ಬ್ಲಾಕಿನ ಸುತ್ತಮುತ್ತ ಬ್ಯಾಂಕುಗಳಿಗೂ ಬರವಿಲ್ಲ, ಪಿಂಚಣಿದಾರರಿಗೂ ಬರವಿಲ್ಲ. ಪಾಸ್‌ಬುಕ್ಕಿನ ಪೈಸೆ ಪೈಸೆಯನ್ನೂ ತಾಳೆ ನೋಡುವ ನನ್ನ ಓರಗೆಯವರು, ಮೊಬೈಲಿನಲ್ಲಿ ಓಟಿಪಿ, ಪಿನ್, ಕೆವೈಸಿ ಎಂಬ ಪದಗಳನ್ನು ಕಂಡೊಡನೆ ತಡವರಿಸುತ್ತಾರೆ. ಇದನ್ನು ವಯಸ್ಸಿನ ದೋಷವೆಂದು ತಳ್ಳಿಹಾಕುವಂತಿಲ್ಲ. ಪದಗಳನ್ನು ಬಳಕೆಗೆ ತಂದವರು ಅವುಗಳ ಅರ್ಥವನ್ನು ತಿಳಿಸುವ ಗೋಜಿಗೇ ಹೋಗಲಿಲ್ಲ.

ಅರ್ಥವೇನೂ ಕಠಿಣವಲ್ಲ. ಯುಪಿಐ ಎಂಬುದು ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ತಕ್ಷಣವೇ ಹಣ ದಾಟಿಸುವ, 2016ರಲ್ಲಿ ಆರಂಭವಾದ ವ್ಯವಸ್ಥೆ. ಅದರ ಪಿನ್, ಚೆಕ್ ಬರೆದುಕೊಡುವವನ ಸಹಿಯಿದ್ದಂತೆ. ಹಣ ಪಡೆಯಲು ಅದು ಬೇಕಿಲ್ಲ. ‘ನಿಮಗೆ ಹಣ ಬರಲಿದೆ, ಪಿನ್ ಒತ್ತಿ’ ಎಂದರೆ ಅದು ವಂಚನೆಯೆಂದೇ ತಿಳಿಯಬೇಕು. ಓಟಿಪಿ ಒಂದೇ ಸಲ ತಿರುಗುವ ಕೀಲಿಕೈ. ಕಳ್ಳನಿಗೂ ಒಂದು ಸಲ ತಿರುಗಿದರೆ ಸಾಕು. ಕೆವೈಸಿ ಎಂದರೆ ಗ್ರಾಹಕ ಯಾರೆಂಬುದನ್ನು ದಾಖಲೆಗಳಿಂದ ಖಚಿತಪಡಿಸಿಕೊಳ್ಳುವುದು. ಅದಕ್ಕೂ ಪಿನ್ನಿಗೂ ಸಂಬಂಧವಿಲ್ಲ. ಇನ್ನು ಸಿಮ್, ದೂರವಾಣಿ ಸಂಖ್ಯೆಯನ್ನು ಹೊತ್ತಿರುವ ಚೀಟಿ. ನಮ್ಮ ಹೆಸರಿನಲ್ಲಿ ಮತ್ತೊಬ್ಬ ಬದಲಿ ಸಿಮ್ ಪಡೆದರೆ ಓಟಿಪಿಗಳೆಲ್ಲ ಅವನ ಕೈ ಸೇರುತ್ತವೆ. ಆದುದರಿಂದ ಕಾರಣವಿಲ್ಲದೆ ಸಿಗ್ನಲ್ ಮಾಯವಾದರೆ ಉದಾಸೀನ ಸಲ್ಲದು.

ಈ ಅರಿವಿನ ಕೊರತೆಗೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು, ಗುಟ್ಟಿನ ವಿವರ ಹಂಚಿಕೊಳ್ಳುವುದನ್ನು ಗ್ರಾಹಕನ ‘ನಿರ್ಲಕ್ಷ್ಯ’ವೆಂದು ಪರಿಗಣಿಸಿತು, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನೆಲ್ಲ ಅವನೇ ಹೊರಬೇಕೆಂದಿತು. ನಿಯಮವೇನೋ ಸರಿ. ಆದರೆ ನಿರ್ಲಕ್ಷ್ಯವೆನ್ನಬೇಕಾದರೆ ಮೊದಲು ತಿಳಿವಳಿಕೆ ಇರಬೇಕಲ್ಲವೇ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ, ಮಾಹಿತಿ ಒಂದು ಕಡೆಯವರಲ್ಲೇ ಉಳಿದರೆ ಮಾರುಕಟ್ಟೆಯೇ ಕೆಡುತ್ತದೆಂದು ತೋರಿಸಿದರು. ಪದವೂ ಮಾಹಿತಿಯೇ.

ಇದಕ್ಕೆ ಪರಿಹಾರವಿಲ್ಲವೆನ್ನಲಾಗದು. ‘ಭೂಮಿ’ ಯೋಜನೆಯಡಿ ಪಹಣಿ ಗಣಕಕ್ಕೆ ಏರಿದಾಗ ರೈತನ ಕೈಗೆ ಬಂದ ಮುದ್ರಿತ ಪ್ರತಿ ಕನ್ನಡದಲ್ಲೇ ಇತ್ತು. ಎರಡು ದಶಕಗಳ ಹಿಂದೆಯೇ ಹಳ್ಳಿಯ ಪಹಣಿಗೆ ಸಾಧ್ಯವಾದದ್ದು ಇಂದು ನಗರದ ಬ್ಯಾಂಕಿಗೆ ಅಸಾಧ್ಯವೇ? ಪಿನ್ ಕೇಳುವ ಪ್ರತಿ ಪರದೆಯ ಮೇಲೂ ‘ಇದು ಹಣ ಕೊಡಲು ಮಾತ್ರ’ ಎಂಬ ಸಾಲು ದಪ್ಪ ಕನ್ನಡ ಅಕ್ಷರಗಳಲ್ಲಿ ಇರಲಿ.

ಅಲ್ಲಿಯವರೆಗೆ ಪ್ರತಿ ಮನೆಯ ಗೋಡೆಯ ಮೇಲೆ 1930 ಎಂಬ ಸೈಬರ್ ವಂಚನೆಯ ಸಹಾಯವಾಣಿ ಸಂಖ್ಯೆ ಇರಲಿ. ಹಣ ಹೋಯಿತೆಂದು ತಿಳಿದ ಕೂಡಲೇ ಅಲ್ಲಿಗೂ ಬ್ಯಾಂಕಿಗೂ ತಿಳಿಸಬೇಕು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.