ಟೋಪೋಶೀಟ್ ಹಿಡಿದು ಚಾಮುಂಡಿ ಬೆಟ್ಟಕ್ಕೆ

ಚಾಮುಂಡಿ ಬೆಟ್ಟ ಹತ್ತದ ಮಕ್ಕಳು ಮೈಸೂರಿನಲ್ಲಿ ಸಿಗುವುದು ಕಷ್ಟ. ಆಷಾಢ ಶುಕ್ರವಾರಕ್ಕೆ ಅಜ್ಜಿಯ ಸೆರಗು ಹಿಡಿದು ಬರುತ್ತಾರೆ, ಪರೀಕ್ಷೆಗೆ ಮುಂಚೆ ಹರಕೆ ಹೊತ್ತು ಬರುತ್ತಾರೆ, ಮಹಿಷಾಸುರನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೊನ್ನೆ ಶನಿವಾರ ಎಂಟನೇ ತರಗತಿಯ ಗುಂಪೊಂದು ಸರ್ವೆ ಆಫ್ ಇಂಡಿಯಾದ ನಕ್ಷೆ ಸುತ್ತಿಕೊಂಡು ಬಸ್ಸಿಳಿಯಿತು. ಸಮಾಜ ವಿಜ್ಞಾನದ ಮೇಷ್ಟ್ರ ಹಿಂದೆ ನಾನೂ ನಡೆದೆ.

ಊರು ಕಾಣುವ ಕಡೆ ನಿಂತು ಮೇಷ್ಟ್ರು ಕೇಳಿದರು: “ಉತ್ತರ ಎಲ್ಲಿದೆ, ತೋರಿಸಿ.”

ನಾಲ್ಕೈದು ಬೆರಳು ಆಕಾಶದ ಕಡೆ ಹೋದವು. ಗೋಡೆಗೆ ನೇತುಹಾಕಿದ ಭೂಪಟದ ಅನಾಹುತ ಇದು. ಉತ್ತರ ಎಂದರೆ ಮೇಲೆ, ದಕ್ಷಿಣ ಎಂದರೆ ಕೆಳಗೆ ಎಂದು ಮಕ್ಕಳು ಒಮ್ಮೆ ನಂಬಿದರೆ ಕಾಲೇಜಿಗೆ ಹೋದರೂ ಬಿಡುವುದಿಲ್ಲ. ಮೇಷ್ಟ್ರು ಬಯ್ಯಲಿಲ್ಲ. ನಕ್ಷೆಯನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟರು. ಬೆಳ್ಳಗೆ ಹೊಳೆಯುವ ಲಲಿತಮಹಲು ಎದುರಿಗೇ ಇತ್ತು. ಕಾಗದದ ಮೇಲೆ ಬೆಟ್ಟದಿಂದ ಲಲಿತಮಹಲಿಗೆ ಎಳೆದ ಗೆರೆ ನಿಜವಾದ ಲಲಿತಮಹಲಿನ ಕಡೆ ನೋಡುವವರೆಗೂ ಹಾಳೆ ತಿರುಗಿಸಬೇಕು. ತಿರುಗಿಸಿದರು. ಆಮೇಲೆ ಎಲ್ಲವೂ ತಾನಾಗಿಯೇ ಕೂತವು: ಉತ್ತರಕ್ಕೆ ಕಾರಂಜಿ ಕೆರೆ, ಅದರ ಎಡಕ್ಕೆ ಅರಮನೆ, ಇನ್ನೂ ವಾಯವ್ಯಕ್ಕೆ ಕುಕ್ಕರಹಳ್ಳಿ ಕೆರೆ, ಬೆನ್ನ ಹಿಂದೆ ನಂಜನಗೂಡು. “ಲಲಿತಮಹಲು ನಮಗೆ ದೇವಮೂಲೆ ಸಾರ್” ಎಂದಳು ಒಬ್ಬಳು. ಮನೆ ಕಟ್ಟಿಸುವಾಗ ಹಿರಿಯರಾಡಿದ ಮಾತನ್ನು ಕೇಳಿಸಿಕೊಂಡಿದ್ದ ಹುಡುಗಿಗೆ ಈಶಾನ್ಯ ಯಾವುದೆಂದು ಬೇರೆ ಹೇಳಬೇಕಾಗಿರಲಿಲ್ಲ.

ದಿಕ್ಕು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಮೇಷ್ಟ್ರು ಉತ್ತರದ ಶ್ರೀರಂಗಪಟ್ಟಣದ ಕಡೆ ಕೈ ತೋರಿಸಿದರು. 1799ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೈನ್ಯದ ಒಂದು ತುಕಡಿ ಜನರಲ್ ಬೇರ್ಡ್‌ನ ಕೈಕೆಳಗೆ ಕತ್ತಲಲ್ಲಿ ಹೊರಟಿತ್ತು. ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ ನಡೆಯುತ್ತಿದ್ದಾರೆಂದು ನಕ್ಷತ್ರ ನೋಡಿ ಹೇಳಿದವನು ವಿಲಿಯಂ ಲ್ಯಾಂಬ್ಟನ್. ಬೇರ್ಡ್ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ, ದಿಕ್ಸೂಚಿ ತೆಗೆದು ನೋಡಿದ ಮೇಲೆ ಒಪ್ಪಿದ. ಅದೇ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರ ರೇಖೆ ಅಳೆದು, ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸರ್ವೆಗೆ ಕೈಹಾಕಿದ. ಟಿಪ್ಪುವಿನ ಕಡೆಯವರಿಗೆ ಅವನ ನಕ್ಷತ್ರಜ್ಞಾನದಿಂದ ಒಳ್ಳೆಯದೇನೂ ಆಗಲಿಲ್ಲ ಎಂಬುದು ಬೇರೆ ಮಾತು.

ಆಮೇಲೆ ದೂರದ ಲೆಕ್ಕ. ಅರಮನೆ ಇಲ್ಲಿಂದ ಎಷ್ಟು ದೂರ? ಬಸ್ಸಿನಲ್ಲಿ ಬಂದವರೆಲ್ಲ ಹನ್ನೆರಡು, ಹದಿಮೂರು ಕಿಲೋಮೀಟರ್ ಎಂದರು. ನಕ್ಷೆಯ ಮೇಲೆ ಸ್ಕೇಲಿಟ್ಟರೆ ಸುಮಾರು 8 ಸೆಂಟಿಮೀಟರ್. 1:50,000 ಎಂದರೆ 2 ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಅಂದರೆ ಬರೀ ನಾಲ್ಕು. ಬಸ್ಸು ಸುಳ್ಳು ಹೇಳಿತೋ ನಕ್ಷೆ ಸುಳ್ಳು ಹೇಳಿತೋ ಎಂದು ಗಲಾಟೆ ಶುರುವಾಯಿತು. ಮೇಷ್ಟ್ರು ಉತ್ತರ ಕೊಡದೆ ನಕ್ಷೆಯ ಕಂದು ಗೆರೆಗಳನ್ನು ನೋಡಿಕೊಳ್ಳಿ ಎಂದಷ್ಟೇ ಹೇಳಿ ಮೆಟ್ಟಿಲ ಕಡೆ ಹೊರಟರು.

ಇಲ್ಲೊಂದು ಮಾತು. ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳನ್ನು 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಸಣ್ಣ ಹಾಳೆಗೆ ಕುಗ್ಗಿಸಿ ತೆಗೆಸಿದರೆ 1:50,000 ಎಂಬ ಬರಹ ಹಾಗೇ ಉಳಿದಿರುತ್ತದೆ, ಅಳತೆ ಮಾತ್ರ ಕೆಟ್ಟಿರುತ್ತದೆ. ಕೆಳಗಿನ ಅಳತೆಪಟ್ಟಿ ನಕ್ಷೆಯ ಜೊತೆಗೇ ಕುಗ್ಗುತ್ತದೆ, ಆದ್ದರಿಂದ ಅದನ್ನೇ ನಂಬಬೇಕು. ಮೇಷ್ಟ್ರು ಬೇಕೆಂದೇ ಅಂಥದ್ದೊಂದು ಪ್ರತಿ ತಂದಿದ್ದರು. ಸಿಕ್ಕಿಬಿದ್ದವರು ಮೂವರು.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಊರಿನಿಂದ ಮುನ್ನೂರರ ಹತ್ತಿರ. ನಕ್ಷೆಯಲ್ಲಿ 20 ಮೀಟರ್ ಎತ್ತರಕ್ಕೆ ಒಂದರಂತೆ ಕಂದು ಗೆರೆ, ಅಂದರೆ ಸಮೋನ್ನತಿ ರೇಖೆ. ಬುಡದಿಂದ ತುದಿಗೆ ಹದಿನಾಲ್ಕು ಗೆರೆ, ಸಾವಿರ ಮೆಟ್ಟಿಲು. ಭಾಗಿಸಿದರೆ ಗೆರೆಯಿಂದ ಗೆರೆಗೆ ಸರಿಸುಮಾರು ಎಪ್ಪತ್ತು ಮೆಟ್ಟಿಲು. ಇಳಿಯುತ್ತ ಎಪ್ಪತ್ತಕ್ಕೊಬ್ಬರು ನಿಲ್ಲಬೇಕು, ಇದೇ ಆಟ. ಕಡಿದಾದ ಕಡೆ ನಿಂತವರು ಹತ್ತಿರ ಹತ್ತಿರ ಬಂದರು, ಇಳಿಜಾರು ಸಡಿಲವಾದ ಕಡೆ ದೂರ ದೂರ. ಗೆರೆಗಳು ಒತ್ತಾಗಿದ್ದರೆ ಕಡಿದು ಎಂದು ಪುಸ್ತಕದಲ್ಲಿ ಅಡಿಗೆರೆ ಎಳೆದುಕೊಂಡಿದ್ದ ಮಕ್ಕಳು ಈಗ ತಾವೇ ಗೆರೆಗಳಾಗಿದ್ದರು. “ಬಸ್ಸಿಗೆ ಹೀಗೆ ನೇರ ಹತ್ತೋಕಾಗಲ್ಲ ಸಾರ್, ಅದಕ್ಕೇ ರೋಡು ಗೆರೆ ಪಕ್ಕದಲ್ಲೇ ಸುತ್ತಿಕೊಂಡು ಬರುತ್ತೆ!” ನಾಲ್ಕು ಕಿಲೋಮೀಟರಿನ ಒಗಟು ಒಡೆಯಿತು.

ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಹತ್ತಿರ ನೀರು ಕುಡಿದು ಕೂತಾಗ ಹುಡುಗನೊಬ್ಬ ಕಬಿನಿಯ ಮೇಲೆ ಬೆರಳಾಡಿಸುತ್ತಿದ್ದ. “ನೀರು ಮೇಲಕ್ಕೆ ಹೇಗೆ ಹರಿಯುತ್ತೆ ಸಾರ್?” ವಯನಾಡಿನಲ್ಲಿ ಹುಟ್ಟುವ ಕಬಿನಿ ನಕ್ಷೆಯಲ್ಲಿ ಎಡದ ಕೆಳಮೂಲೆಯಿಂದ ಬಲಕ್ಕೆ, ಮೇಲಕ್ಕೆ ಬಂದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಳಿಗ್ಗೆ ಉತ್ತರವನ್ನು ಆಕಾಶದಲ್ಲಿ ತೋರಿಸಿದವರಿಗೆ ಇದು ಅಸಾಧ್ಯವಾಗಿಯೇ ಕಾಣಬೇಕು. ನೀರು ನೋಡುವುದು ಹಳ್ಳವನ್ನು, ದಿಕ್ಕನ್ನಲ್ಲ. ಮೈಸೂರು ಕೂತಿರುವುದೇ ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ: ಉತ್ತರದ ಬಡಾವಣೆಗಳ ಮಳೆ ಕಾವೇರಿಗೆ, ದಕ್ಷಿಣದವುಗಳ ಮಳೆ ಕಬಿನಿಗೆ. ನಿಮ್ಮ ಬೀದಿಯ ಮೋರಿ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಭಾರತದ ನಕ್ಷೆ ಬಿಡಿಸಿ ಅಣೆಕಟ್ಟು, ಬಂದರು ಗುರುತಿಸಿ ಅಂಕ ಗಿಟ್ಟಿಸುವುದಕ್ಕಿಂತ ಮೋರಿಯ ಜಾಡು ಹಿಡಿಯುವುದೇ ಒಳ್ಳೆಯ ಭೂಗೋಳ ಎನ್ನುವುದು ನನ್ನ ಅಭಿಪ್ರಾಯ. ಮೇಷ್ಟ್ರು ನಕ್ಕರು, ಅಂಕವೂ ಬೇಕಲ್ಲ.

ಬೆಟ್ಟದ ಪಾದಕ್ಕೆ ಬಂದಾಗ ಹನ್ನೆರಡಕ್ಕೆ ಸ್ವಲ್ಪ ಮುಂಚೆ. ಬಯಲಿನಲ್ಲಿ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲಿಟ್ಟರು. ಹನ್ನೆರಡು ಹೊಡೆದರೂ ನೆರಳು ಇನ್ನೂ ಗಿಡ್ಡವಾಗುತ್ತಲೇ ಇತ್ತು. ನಕ್ಷೆಯಲ್ಲಿ ಮಕ್ಕಳು ಕಣ್ಣುಮುಚ್ಚಿ ಎಳೆಯುವ 82½ ಡಿಗ್ರಿ ಪೂರ್ವ ರೇಖಾಂಶದ ಗುಟ್ಟು ಇದು. ದೇಶದ ಗಡಿಯಾರವೆಲ್ಲ ಆ ಗೆರೆಯದು, ಮೈಸೂರಿರುವುದು 76 ಡಿಗ್ರಿ 40 ಮಿನಿಟಿನ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಇಲ್ಲಿ 23 ನಿಮಿಷ ತಡ. ಋತುವಿಗೆ ತಕ್ಕಂತೆ ಕಾಲು ಗಂಟೆಯವರೆಗೂ ಹಿಂದೆಮುಂದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಇದೇ ಕೋಲು ನೆಟ್ಟರೆ ಸೂರ್ಯ ನೆತ್ತಿಗೇ ಬಂದು ನೆರಳೇ ಇರುವುದಿಲ್ಲ.

“ಹಾಗಾದ್ರೆ ನಮ್ಮ ಸ್ಕೂಲಿನ ಹನ್ನೆರಡು ಗಂಟೆ ಬೆಲ್ಲು ಬೇಗಾನಾ, ಲೇಟಾ ಸಾರ್?”

“ನೀನೇ ಹೇಳು. ಹಾಗೇ ದ್ವಾರಕೆಗೂ ಗುವಾಹಟಿಗೂ ಲೆಕ್ಕ ಹಾಕ್ಕೊಂಡು ಸೋಮವಾರ ತಗೊಂಡು ಬಾ” ಎಂದರು ಮೇಷ್ಟ್ರು.